ಲ್ಯಾಪ್‌ಟಾಪ್ ಕೆಟ್ಟ ದಿನ ಯಾರು ಬರ್ತಾರೆ?

ಸಾಫ್ಟ್‌ವೇರ್ ಕೆಲಸದಲ್ಲಿರೋರಿಗೆ ಸಂಬಳದ ಕೆಲಸದ ಜತೆ ಇನ್ನೊಂದು ಹುದ್ದೆ ಪುಕ್ಕಟೆಯಾಗಿ ಅಂಟಿಕೊಳ್ಳುತ್ತೆ. ಇಡೀ ಬಂಧುಬಳಗಕ್ಕೆ ಲ್ಯಾಪ್‌ಟಾಪ್ ಸಲಹೆಗಾರ! ಕಾಲೇಜು ಶುರುವಾಗೋ ಹೊತ್ತಿಗೆ ಒಂದು ಸುತ್ತು ಫೋನ್ ಬರುತ್ತೆ, ದಸರಾ-ದೀಪಾವಳಿ ಸೇಲ್ ಹೊತ್ತಿಗೆ ಇನ್ನೊಂದು ಸುತ್ತು. ಪ್ರಶ್ನೆಗಳು ಮಾತ್ರ ಬದಲಾಗಲ್ಲ. ಐ-5 ಸಾಕಾ, ಐ-7 ಬೇಕಾ? 8 ಜಿಬಿ ರ‍್ಯಾಮ್ ಸಾಲುತ್ತಾ? ಆನ್‌ಲೈನ್‌ನಲ್ಲಿ ತಗೊಳ್ಳೋದಾ, ಎಸ್.ಪಿ. ರಸ್ತೆಗೆ ಹೋಗೋದಾ?

ಇಷ್ಟು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. ಇದು ಕೆಟ್ಟರೆ ನಮ್ಮೂರಿಗೆ ಯಾರು ಬರ್ತಾರೆ?

ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಇದು. 60 ಸಾವಿರದ ಆಸುಪಾಸಿನಲ್ಲಿ ನಾಲ್ಕು ಕಂಪನಿಯ ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟು ನೋಡಿ. ಪ್ರಾಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಹೆಚ್ಚುಕಮ್ಮಿ ಒಂದೇ. ನಿಜವಾದ ವ್ಯತ್ಯಾಸ ಇರೋದು ವಾರಂಟಿಯ ಸಣ್ಣ ಅಕ್ಷರಗಳಲ್ಲಿ. ಅದನ್ನ ಓದೋಕೆ ನಮಗೆ ಪುರುಸೊತ್ತಿಲ್ಲ, ಯಾಕಂದ್ರೆ ಸೇಲ್ ರಾತ್ರಿ 12ಕ್ಕೆ ಮುಗಿಯುತ್ತೆ.

'ಒಂದು ವರ್ಷ ವಾರಂಟಿ' ಅಂದ ತಕ್ಷಣ ಎಲ್ಲ ಒಂದೇ ಅಂದ್ಕೋತೀವಿ. ಆದರೆ ಆನ್‌ಸೈಟ್ ವಾರಂಟಿ ಬೇರೆ, ಕ್ಯಾರಿ-ಇನ್ ವಾರಂಟಿ ಬೇರೆ. ಆನ್‌ಸೈಟ್ ಅಂದ್ರೆ ಫೋನಿನಲ್ಲಿ ತೊಂದರೆ ಏನು ಅಂತ ವಿಚಾರಿಸಿದ ಮೇಲೆ ಟೆಕ್ನಿಷಿಯನ್ ಬಿಡಿಭಾಗ ಹಿಡ್ಕೊಂಡು ಮನೆಗೇ ಬರ್ತಾನೆ. ಕ್ಯಾರಿ-ಇನ್ ಅಂದ್ರೆ ನೀವೇ ಹೊತ್ಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಬೇಕು, ರಿಪೇರಿಯಾದ ಮೇಲೆ ಮತ್ತೆ ಹೋಗಿ ತರಬೇಕು. ಬೆಂಗಳೂರಲ್ಲಿ ಇರೋರಿಗೆ ಈ ವ್ಯತ್ಯಾಸ ಒಂದು ಆಟೋ ಬಾಡಿಗೆ, ಅರ್ಧ ದಿನದ ರಜೆ. ಶಿರಸಿ, ಚಳ್ಳಕೆರೆ, ಸಕಲೇಶಪುರದಲ್ಲಿ ಇರೋರಿಗೆ ಎರಡು ದಿನ, ಎರಡು ಸಲದ ಬಸ್ ಚಾರ್ಜು. ಆನ್‌ಸೈಟ್ ಅಂತ ಬರೆದಿದ್ದರೂ ಎಲ್ಲ ಪಿನ್‌ಕೋಡ್‌ಗೂ ಅದು ಸಿಗಲ್ಲ. ಕೊಳ್ಳೋ ಮುಂಚೆ ಕಂಪನಿಯ ಚಾಟ್‌ನಲ್ಲಿ ಮಾಡೆಲ್ ಹೆಸರು, ನಿಮ್ಮ ಪಿನ್‌ಕೋಡ್ ಹಾಕಿ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಎರಡು ನಿಮಿಷದ ಕೆಲಸ.

ಇನ್ನು ಕಾಫಿ ಚೆಲ್ಲೋದು, ಕೈಜಾರಿ ಸ್ಕ್ರೀನ್ ಒಡೆಯೋದು ಮಾಮೂಲಿ ವಾರಂಟಿಯಲ್ಲಿ ಬರೋದಿಲ್ಲ. ಅದಕ್ಕೆ 'ಆ್ಯಕ್ಸಿಡೆಂಟಲ್ ಡ್ಯಾಮೇಜ್' ಅಂತ ಬೇರೆ ಪ್ಲ್ಯಾನ್ ಇರುತ್ತೆ. ಕಾರ್ಟ್‌ಗೆ ಹಾಕೋವಾಗ 'ಕಂಪ್ಲೀಟ್ ಪ್ರೊಟೆಕ್ಷನ್' ಅಂತ ಪಕ್ಕದಲ್ಲಿ ಮಿನುಗುತ್ತಲ್ಲ, ಅದು ಎಷ್ಟೋ ಸಲ ಲ್ಯಾಪ್‌ಟಾಪ್ ಮಾಡಿದ ಕಂಪನಿಯದ್ದಾಗಿರಲ್ಲ, ಮೂರನೆಯವರದ್ದು. ಕೆಟ್ಟಾಗ ಕಂಪನಿಗೆ ಫೋನ್ ಮಾಡಿದ್ರೆ 'ನಮಗೆ ಗೊತ್ತಿಲ್ಲ ಸರ್' ಅಂತಾರೆ. ಬಾಕ್ಸ್ ಬಂದ ದಿನವೇ ಕಂಪನಿಯ ವೆಬ್‌ಸೈಟ್‌ನಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ಯಾವತ್ತು ಮುಗಿಯುತ್ತೆ ಅಂತಲೂ ನೋಡಿ. ನೀವು ಕೊಂಡ ದಿನದಿಂದ ಅಲ್ಲದೆ, ಗೋದಾಮಿನಿಂದ ಹೊರಟ ದಿನದಿಂದ ಲೆಕ್ಕ ಶುರುವಾಗಿರೋದು ಉಂಟು. ಬಿಲ್ ಅಪ್‌ಲೋಡ್ ಮಾಡಿದ್ರೆ ಸರಿ ಮಾಡ್ತಾರೆ. ಕೆಟ್ಟ ಮೇಲೆ ಇದನ್ನ ಹೇಳೋಕೆ ಹೋದ್ರೆ ಅದೇ ಒಂದು ಜಗಳ.

ಇಷ್ಟು ಒತ್ತಿ ಹೇಳೋಕೆ ಕಾರಣ ಈಚೆಗೆ ನಮ್ಮ ಮನೆಯಲ್ಲೇ ನಡೆದ ಒಂದು ಪ್ರಕರಣ.

ಚಿಕ್ಕಮ್ಮನ ಮಗ ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಾ ಇದ್ದಾನೆ. ಚಿಕ್ಕಮ್ಮ ಬ್ಲೌಸ್ ಹೊಲಿದು ಕಟ್ಟಿದ ಚೀಟಿ ಎತ್ತಿ, 58,990 ರೂಪಾಯಿಗೆ ಅವನಿಗೊಂದು ಲ್ಯಾಪ್‌ಟಾಪ್ ಕೊಡಿಸಿದ್ರು. ಎಂಟನೇ ತಿಂಗಳಲ್ಲಿ ಒಂದು ಬೆಳಗ್ಗೆ ಅದು ಆನ್ ಆಗ್ಲೇ ಇಲ್ಲ. ಕ್ಯಾರಿ-ಇನ್ ವಾರಂಟಿ. ಹುಡುಗ ಬಸ್ಸಲ್ಲಿ ಬೆಂಗಳೂರಿಗೆ ಬಂದು, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಕೊಟ್ಟು, ಸಂಜೆ ಬಸ್ಸಿಗೆ ವಾಪಸ್ ಹೋದ. ಪ್ರಾಜೆಕ್ಟ್ ಸಬ್ಮಿಷನ್‌ಗೆ ಮೂರು ವಾರ ಇತ್ತು. ಮೂರು ದಿನ ಬಿಟ್ಟು ಮೆಸೇಜ್ ಬಂತು: 'ಸಿಐಡಿ' ಇರೋದರಿಂದ ವಾರಂಟಿ ಅನ್ವಯಿಸುವುದಿಲ್ಲ, ಮದರ್‌ಬೋರ್ಡ್‌ಗೆ 34,500 ರೂಪಾಯಿ. ಬೇಡ ಅಂದ್ರೆ ಇನ್‌ಸ್ಪೆಕ್ಷನ್ ಚಾರ್ಜ್ 590 ಕಟ್ಟಿ ವಾಪಸ್ ತಗೊಂಡು ಹೋಗಿ.

ಸಿಐಡಿ ಅಂದಾಗ ಚಿಕ್ಕಮ್ಮ ಪೊಲೀಸ್ ಅಂದ್ಕೊಂಡು ಹೆದರಿಬಿಟ್ಟಿದ್ರು. ಇದು ಆ ಸಿಐಡಿ ಅಲ್ಲ. 'ಕಸ್ಟಮರ್ ಇಂಡ್ಯೂಸ್ಡ್ ಡ್ಯಾಮೇಜ್', ಅಂದ್ರೆ ಗ್ರಾಹಕನ ಕೈಯಿಂದ ಆದ ಹಾನಿ. ನೀರು ಬಿದ್ದಿದೆ ಅಂತ ಅವರ ವಾದ. ಅರ್ಥ ಗೊತ್ತಾದ ಮೇಲೆ ಮನೆಯಲ್ಲಿ ಆದದ್ದು ಇನ್ನೂ ಕಷ್ಟದ್ದು. "ನೀನೇ ಕೇಳಪ್ಪ ಅವನ್ನ. ನೀರು ಚೆಲ್ಲಿರ್ತಾನೆ, ನನ್ ಹತ್ರ ಬಾಯಿ ಬಿಡ್ತಿಲ್ಲ" ಅಂತ ಚಿಕ್ಕಮ್ಮ ನನಗೆ ಫೋನ್ ಮಾಡಿದ್ರು. ಹುಡುಗನಿಗೆ ಮಾಡಿದ್ರೆ ಅವನು ಅಳೋ ಹಾಗಿದ್ದ. "ಅಣ್ಣ, ನಾನು ಲ್ಯಾಪ್‌ಟಾಪ್ ಪಕ್ಕ ಬಾಟಲಿ ಕೂಡ ಇಡಲ್ಲ. ಅಮ್ಮ ನಂಬ್ತಿಲ್ಲ." ಮೂರಕ್ಷರದ ಒಂದು ಕೋಡ್ ಒಬ್ಬ ಹುಡುಗನನ್ನ ಅವನ ಮನೆಯಲ್ಲೇ ಸುಳ್ಳುಗಾರ ಮಾಡಿತ್ತು. 34,500 ಆಮೇಲಿನ ಮಾತು.

ಸರ್ವಿಸ್ ಸೆಂಟರ್‌ಗೆ ನಾನೇ ಹೋದೆ. ಕೌಂಟರ್‌ನಲ್ಲಿದ್ದ ಹುಡುಗ ಒಳ್ಳೆಯವನೇ. "ಸರ್, ಸಿಸ್ಟಮ್‌ನಲ್ಲಿ ಹಾಗೆ ಅಪ್‌ಡೇಟ್ ಆಗಿದೆ, ನಮ್ ಕೈಲಿ ಏನೂ ಇಲ್ಲ" ಅಂದ. ನಾನು ಅವನ ಹತ್ರ ಜಗಳ ಆಡಲಿಲ್ಲ, ಎರಡು ವಸ್ತು ಕೇಳಿದೆ. ನೀರು ಬಿದ್ದ ಜಾಗದ ಫೋಟೋ, ಮತ್ತು ವಾರಂಟಿ ಯಾಕೆ ಇಲ್ಲ ಅನ್ನೋ ಕಾರಣ ಬರವಣಿಗೆಯಲ್ಲಿ. "ಮೇಲ್ ಬರುತ್ತೆ ಸರ್" ಅಂದ. ಮಾರನೇ ದಿನ ಸಂಜೆ ಬಂತು.

ಫೋಟೋದಲ್ಲಿ ಒಂದು ಮದರ್‌ಬೋರ್ಡ್, ಅದರ ಅಂಚಿನಲ್ಲಿ ಹಸಿರು ಕಿಲುಬು. ನೋಡಿದ್ರೆ ಯಾರಾದ್ರೂ ಒಪ್ಪಲೇಬೇಕು, ನೀರು ಬಿದ್ದಿರೋದು ನಿಜ. ಆದರೆ ಆ ಬೋರ್ಡ್‌ನಲ್ಲಿ ರ‍್ಯಾಮ್ ಕೂರಿಸೋಕೆ ಎರಡು ಸ್ಲಾಟ್ ಇದ್ದವು. ನಮ್ಮ ಹುಡುಗನ ಮಾಡೆಲ್‌ನಲ್ಲಿ ಸ್ಲಾಟೇ ಇಲ್ಲ, ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಹಾಕಿರೋದು. (ಕೊಳ್ಳುವಾಗ ಇದನ್ನೂ ನೋಡ್ಕೊಳ್ಳಿ. ಬೆಸುಗೆ ಹಾಕಿದ್ದನ್ನ ಮುಂದೆ ಹೆಚ್ಚಿಸೋಕಾಗಲ್ಲ, ರ‍್ಯಾಮ್ ಹೋದ್ರೆ ಬೋರ್ಡೇ ಹೋದ ಹಾಗೆ.) ಅಂದ್ರೆ ಅದು ಬೇರೆ ಯಾರದ್ದೋ ಲ್ಯಾಪ್‌ಟಾಪ್‌ನ ಫೋಟೋ. ಮೋಸ ಅಂತ ನಾನು ಹೇಳಲ್ಲ. ಮೇಜಿನ ಮೇಲೆ ಒಂದೇ ಥರದ ಹತ್ತು ಕಪ್ಪು ಲ್ಯಾಪ್‌ಟಾಪ್ ಬಿಚ್ಚಿಟ್ಟಿರುವ ಕಡೆ ಫೋಟೋ ಅದಲುಬದಲಾಗೋದು ಸಾಧ್ಯ. ಜತೆಗೆ ಇನ್ನೊಂದು ಕಾಗದ ನಮ್ಮ ಕೈಯಲ್ಲಿತ್ತು. ಲ್ಯಾಪ್‌ಟಾಪ್ ಕೊಟ್ಟ ದಿನದ ಜಾಬ್ ಶೀಟ್. ಅದರಲ್ಲಿ 'ಲಿಕ್ವಿಡ್ ಸ್ಪಿಲ್' ಎದುರು ಅವರೇ 'ನೋ' ಅಂತ ಹಾಕಿದ್ರು. ಜಾಬ್ ಶೀಟ್ ಓದಿ ಸಹಿ ಮಾಡಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ. ಕೊಡೋ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಸೀರಿಯಲ್ ನಂಬರ್ ಕಾಣೋ ಹಾಗೆ.

ಇಲ್ಲಿ ನಮ್ಮ ವೃತ್ತಿಯ ಒಂದು ಗುಟ್ಟು ಹೇಳಬೇಕು. ನಮ್ಮಲ್ಲಿ ಬಹಳ ಜನ ದಿನಾ ಟಿಕೆಟ್‌ಗಳ ನಡುವೆ ಬದುಕೋರು. ಟಿಕೆಟ್ ಓಪನ್ ಆಗಿದ್ದಷ್ಟೂ ಮ್ಯಾನೇಜರ್ ಮುಖ ಗಂಟು, ಕ್ಲೋಸ್ ಆದ್ರೆ ನೆಮ್ಮದಿ. ಸಮಸ್ಯೆ ಬಗೆಹರೀತಾ ಅನ್ನೋದು ಬೇರೆಯೇ ಪ್ರಶ್ನೆ. ಲ್ಯಾಪ್‌ಟಾಪ್ ಸಪೋರ್ಟ್ ಕೂಡ ಹಾಗೇ ನಡೆಯೋದು. ಅಧಿಕೃತ ಸರ್ವಿಸ್ ಸೆಂಟರ್ ಅಂತ ಬೋರ್ಡ್ ಇದ್ದರೂ ಸಾಮಾನ್ಯವಾಗಿ ಅದನ್ನ ನಡೆಸೋದು ಗುತ್ತಿಗೆ ಪಡೆದ ಬೇರೆ ಸಂಸ್ಥೆ. ಫೋನ್ ಎತ್ತೋ ಹುಡುಗಿಯ ಮುಂದೆ ಒಂದು ಪಟ್ಟಿ ಇರುತ್ತೆ. ರೀಸ್ಟಾರ್ಟ್ ಮಾಡಿ, ಚಾರ್ಜರ್ ತೆಗೆದು ಹಾಕಿ, ಪವರ್ ಬಟನ್ 30 ಸೆಕೆಂಡ್ ಒತ್ತಿ. ನೀವು ಇಂಜಿನಿಯರ್ ಅಂತ ಹೇಳಿದ್ರೂ ಪಟ್ಟಿ ಮುಗಿಯದೆ ಆಕೆ ಮುಂದೆ ಹೋಗೋ ಹಾಗಿಲ್ಲ. ಕೂಗಾಡಿದ್ರೆ ಆಕೆಗೆ ಬೇಜಾರಾಗುತ್ತೆ, ಟಿಕೆಟ್ ಅಲ್ಲೇ ಇರುತ್ತೆ. ಅದರ ಬದಲು ಅವಳು ಕೇಳೋದನ್ನೆಲ್ಲ ಒಂದೇ ಮೇಲ್‌ನಲ್ಲಿ ನೀವೇ ಕೊಟ್ಟುಬಿಡಿ: ಸೀರಿಯಲ್ ನಂಬರ್, ಕೊಂಡ ದಿನ, ತೊಂದರೆಯ ವಿಡಿಯೋ, ಈಗಾಗಲೇ ಏನೇನು ಮಾಡಿ ನೋಡಿದ್ದೀರಿ, ನಿಮಗೆ ಏನು ಬೇಕು. ಫೋನಲ್ಲಿ ಮಾತಾಡಿದ್ದನ್ನೂ ಆಮೇಲೆ ಎರಡು ಸಾಲಿನ ಮೇಲ್ ಮಾಡಿ. ಸುಲಭವಾಗಿ ಕ್ಲೋಸ್ ಮಾಡೋಕಾಗದ ಟಿಕೆಟ್ ಮಾತ್ರ ಮೇಲಕ್ಕೆ ಹೋಗುತ್ತೆ.

ಆ ಫೋನ್ ನಂಬರ್‌ನ ಗೂಗಲ್‌ನಲ್ಲಿ ಹುಡುಕಬೇಡಿ. 'ಕಸ್ಟಮರ್ ಕೇರ್' ಅಂತ ಹುಡುಕಿದ್ರೆ ಕಳ್ಳರ ನಂಬರ್‌ಗಳೂ ಬರುತ್ತವೆ. ಸ್ಕ್ರೀನ್ ಹಂಚಿಕೊಳ್ಳೋ ಆ್ಯಪ್ ಹಾಕಿಸಿ ಬ್ಯಾಂಕ್ ಖಾತೆ ಬರಿದು ಮಾಡ್ತಾರೆ. ನಂಬರ್ ಬಾಕ್ಸ್ ಜತೆ ಬಂದ ಕಾಗದದಿಂದ ಅಥವಾ ಕಂಪನಿಯ ಸ್ವಂತ ವೆಬ್‌ಸೈಟ್‌ನಿಂದ ಮಾತ್ರ ತಗೊಳ್ಳಿ. ಅಕಸ್ಮಾತ್ ದುಡ್ಡು ಹೋದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಕಂಪನಿಯ ದೂರು ಅಧಿಕಾರಿಗೆ ನಾನು ಬರೆದ ಮೇಲ್ ಏಳೇ ಸಾಲು. ಜಾಬ್ ಶೀಟ್, ಅವರ ಫೋಟೋ, ಅವರದೇ ವೆಬ್‌ಸೈಟ್‌ನಲ್ಲಿರುವ ಆ ಮಾಡೆಲ್‌ನ ವಿವರ, ಮೂರನ್ನೂ ಲಗತ್ತಿಸಿದೆ. ಹುಡುಗನ ಹೆಸರಲ್ಲೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ದೂರು ದಾಖಲಿಸಿದ್ವಿ. ಅಲ್ಲಿ ಕನ್ನಡದಲ್ಲೂ ಮಾತಾಡ್ತಾರೆ. ಅವರಿಗೆ ತೀರ್ಪು ಕೊಡೋ ಅಧಿಕಾರ ಇಲ್ಲ, ದೂರನ್ನ ಕಂಪನಿಗೆ ತಲುಪಿಸಿ ಉತ್ತರ ಕೇಳ್ತಾರೆ, ಅಷ್ಟೇ. ಆದರೆ ಆ ಡಾಕೆಟ್ ನಂಬರ್ ಮೇಲ್‌ನ ಮೇಲ್ಗಡೆ ಇದ್ರೆ ಓದೋರ ಗಮನ ಬೇರೆ ಥರ ಇರುತ್ತೆ.

ಅಲ್ಲೂ ಆಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗೋದು ಅಂತ ತೀರ್ಮಾನ ಮಾಡಿದ್ವಿ. ಅದಕ್ಕೆ ಬೆಂಗಳೂರಿಗೆ ಬರಬೇಕಾಗಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರುದಾರ ತಾನು ವಾಸ ಮಾಡೋ ಅಥವಾ ದುಡಿಯೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಎಲ್ಲಿದ್ದರೂ ಸರಿ. ಹಾಸನದ ಹುಡುಗನಿಗೆ ಹಾಸನವೇ ಸಾಕು. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಆನ್‌ಲೈನ್ ಅಂಗಡಿಯಿಂದ ಕೊಂಡಿದ್ರೆ ಇನ್ನೊಂದು ದಾರಿಯೂ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ ಅಧಿಕಾರಿಯ ಹೆಸರು, ವಿಳಾಸ ಅವರ ವೆಬ್‌ಸೈಟ್‌ನಲ್ಲೇ ಇರುತ್ತೆ, ಸಾಮಾನ್ಯವಾಗಿ ಯಾರೂ ನೋಡದ ಮೂಲೆಯಲ್ಲಿ.

ಆಯೋಗದವರೆಗೂ ಹೋಗಬೇಕಾಗಲಿಲ್ಲ. ಒಂಬತ್ತನೇ ದಿನ ಫೋನ್ ಬಂತು. "ಒನ್ ಟೈಮ್ ಎಕ್ಸೆಪ್ಷನ್ ಅಂತ ಬೋರ್ಡ್ ಫ್ರೀಯಾಗಿ ಬದಲಾಯಿಸ್ತೀವಿ ಸರ್." ವಾರಂಟಿ ಇರೋ ಲ್ಯಾಪ್‌ಟಾಪ್ ರಿಪೇರಿ ಮಾಡಿಕೊಡೋದು ಎಕ್ಸೆಪ್ಷನ್ ಹೇಗಾಗುತ್ತೆ ಅನ್ನೋದು ನನಗೆ ಇವತ್ತಿಗೂ ತಿಳಿದಿಲ್ಲ. ಫೋಟೋ ತಪ್ಪು ಅಂತ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. 'ಸಿಐಡಿ' ಅನ್ನೋದನ್ನ ರೆಕಾರ್ಡ್‌ನಿಂದ ತೆಗೆದು ಮೇಲ್ ಕಳಿಸಿ ಅಂತ ಮಾತ್ರ ನಾನು ಹಟ ಹಿಡಿದೆ. ಮುಂದೆ ಇನ್ನೇನಾದ್ರೂ ಕೆಟ್ಟಾಗ ಅದೇ ಕೋಡ್ ಮತ್ತೆ ಎದ್ದು ಬರಬಾರದಲ್ಲ. ಎರಡು ದಿನ ಬಿಟ್ಟು ಆ ಮೇಲ್ ಬಂತು. ಅದನ್ನ ಕನ್ನಡದಲ್ಲಿ ಚಿಕ್ಕಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಊಟ ಮಾಡಿದ್ನಾ ಕೇಳ್ತೀನಿ ಇರು" ಅಂತ ಫೋನ್ ಇಟ್ರು.

ಲ್ಯಾಪ್‌ಟಾಪ್ ಕೈಗೆ ಬಂದಾಗ ಸಬ್ಮಿಷನ್‌ಗೆ ನಾಲ್ಕು ದಿನ ಉಳಿದಿತ್ತು. ಆನ್ ಮಾಡಿದ್ರೆ ನೀಲಿ ಪರದೆ, 48 ಅಂಕಿಯ ರಿಕವರಿ ಕೀ ಕೊಡಿ ಅಂತ. ಇದು ಯಾರ ತಪ್ಪೂ ಅಲ್ಲ. ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ನ ಮಾಹಿತಿ ತಾನಾಗೇ ಎನ್‌ಕ್ರಿಪ್ಟ್ ಆಗಿರೋದು ಸಾಮಾನ್ಯ. ಅದರ ಬೀಗದ ಕೈ ಹಳೇ ಮದರ್‌ಬೋರ್ಡ್‌ನ ಭದ್ರತಾ ಚಿಪ್‌ಗೆ ಜೋಡಿಸಿರುತ್ತೆ. ಬೋರ್ಡ್ ಬದಲಾದ್ರೆ ಡಿಸ್ಕ್‌ಗೆ ಹೊಸಬರ ಗುರುತು ಸಿಗಲ್ಲ. ಕೀ ಸಿಗದಿದ್ರೆ ಒಳಗಿನ ಫೈಲ್ ಶಾಶ್ವತವಾಗಿ ಹೋದ ಹಾಗೇ, ಸರ್ವಿಸ್ ಸೆಂಟರ್‌ನೋರೂ ತೆಗೆಯೋಕಾಗಲ್ಲ. ಡೇಟಾಗೆ ಜವಾಬ್ದಾರಿ ನಮ್ಮದಲ್ಲ ಅಂತ ಜಾಬ್ ಶೀಟ್‌ನ ಹಿಂದುಗಡೆ ಮೊದಲೇ ಅಚ್ಚು ಹಾಕಿರ್ತಾರೆ.

ಅದೃಷ್ಟಕ್ಕೆ, ಮೊದಲ ದಿನ ಲಾಗಿನ್ ಆಗುವಾಗ ಹುಡುಗ ಬಳಸಿದ್ದ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಉಳಿದಿತ್ತು. ಖಾತೆಯ ಪಾಸ್‌ವರ್ಡ್ ನೆನಪಿಸ್ಕೊಳ್ಳೋಕೆ ಒಂದು ರಾತ್ರಿ ಹಿಡೀತು, ಅದು ಬೇರೆ ಕಥೆ. ನಿಮ್ಮ ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಈ ಕೀ ಎಲ್ಲಿದೆ ಅಂತ ನೋಡಿಟ್ಕೊಳ್ಳಿ. ಮೈಕ್ರೋಸಾಫ್ಟ್ ಖಾತೆಗೆ ಬ್ರೌಸರ್‌ನಲ್ಲಿ ಲಾಗಿನ್ ಆಗಿ, 'ಡಿವೈಸಸ್' ಅನ್ನೋ ಕಡೆ ಹುಡುಕಿದ್ರೆ ಬಿಟ್‌ಲಾಕರ್ ಕೀ ಸಿಗುತ್ತೆ. ಫೋನಲ್ಲಿ ಫೋಟೋ ಇಟ್ಕೊಂಡ್ರೂ ಆಯ್ತು, ಬರೆದಿಟ್ರೂ ಆಯ್ತು. ಆ ಲ್ಯಾಪ್‌ಟಾಪ್ ಒಳಗೆ ಮಾತ್ರ ಇಡಬೇಡಿ. ನಮ್ಮ ಹುಡುಗನ 48 ಅಂಕಿಯ ಪ್ರಿಂಟ್ ಈಗ ಚಿಕ್ಕಮ್ಮನ ಬೀರುವಿನಲ್ಲಿದೆ, ಲ್ಯಾಪ್‌ಟಾಪ್ ಬಿಲ್ಲು ಮತ್ತು ಜಾಬ್ ಶೀಟ್‌ನ ಜತೆ, ಚೀಟಿ ಪುಸ್ತಕದ ಕೆಳಗೆ.