ಲಾರ್ಡ್ ಪದವಿಗೆ ಮದುವೆಯ ಸಾಕ್ಷಿ

ಸತ್ಯೇಂದ್ರ ಪ್ರಸನ್ನ ಸಿನ್ಹಾ ಅವರ ಹೆಸರು ಬಂದಲ್ಲೆಲ್ಲ ‘ಬ್ರಿಟನ್ನಿನ ವಂಶಪಾರಂಪರ್ಯ ಲಾರ್ಡ್ ಪದವಿ ಪಡೆದ ಮೊದಲ ಭಾರತೀಯ’ ಎಂಬ ವಿಶೇಷಣವೂ ತಪ್ಪದೆ ಬರುತ್ತದೆ. ಆ ಮಾತಿನಲ್ಲಿ ಅಡಗಿರುವ ಹೆಮ್ಮೆಯ ಬಗ್ಗೆಯೇ ನನ್ನ ತಕರಾರು. ಸಿನ್ಹಾ ಅವರ ಯೋಗ್ಯತೆಯ ಬಗ್ಗೆ ಯಾವ ಅನುಮಾನವೂ ಇಲ್ಲ. ಆದರೆ ಆ ಪದವಿ ಅವರ ಮನೆತನಕ್ಕೆ ಸಂದ ಗೌರವವೆಂದು ನಾವು ಇನ್ನೂ ನಂಬಿಕೊಂಡಿದ್ದೇವಲ್ಲ, ಆ ನಂಬಿಕೆ ಟೊಳ್ಳು.

ಬಂಗಾಳದ ಬೀರಭೂಮ್ ಜಿಲ್ಲೆಯ ರಾಯಪುರದಲ್ಲಿ 1863ರಲ್ಲಿ ಹುಟ್ಟಿದ ಸಿನ್ಹಾ, ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಬ್ಯಾರಿಸ್ಟರ್ ಆಗಿ ಮರಳಿದವರು. 1909ರಲ್ಲಿ ವೈಸ್‌ರಾಯರ ಕಾರ್ಯಕಾರಿ ಮಂಡಳಿಗೆ ಕಾನೂನು ಸದಸ್ಯರಾದರು. ಆ ಮಂಡಳಿಯನ್ನು ಪ್ರವೇಶಿಸಿದ ಮೊದಲ ಭಾರತೀಯ ಅವರೇ. ಭಾರತೀಯನೊಬ್ಬನನ್ನು ಅಲ್ಲಿ ಕೂರಿಸುವುದು ದೊರೆ ಏಳನೇ ಎಡ್ವರ್ಡ್‌ಗೆ ಸ್ವಲ್ಪವೂ ಇಷ್ಟವಿರಲಿಲ್ಲ. ನಾವಿರುವ ಈ ಮುಂಬಯಿಯಲ್ಲೇ 1915ರಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಅಧ್ಯಕ್ಷರಾಗಿದ್ದರು. ಅಲ್ಲಿ ಅವರು ಬೋಧಿಸಿದ್ದು ತಾಳ್ಮೆಯನ್ನು. 1919ರಲ್ಲಿ ಭಾರತ ಖಾತೆಯ ಉಪಮಂತ್ರಿಯಾದರು. ಹಾಗಾದವರಿಗೆ ಪಾರ್ಲಿಮೆಂಟಿನಲ್ಲಿ ಒಂದು ಪೀಠ ಬೇಕಷ್ಟೆ? ಅದಕ್ಕಾಗಿ ‘ರಾಯಪುರದ ಬ್ಯಾರನ್ ಸಿನ್ಹಾ’ ಎಂಬ ಪದವಿ ಬಂತು. ಅದೇ ವರ್ಷದ ಭಾರತ ಸರ್ಕಾರ ಕಾಯ್ದೆಯನ್ನು ಲಾರ್ಡ್ಸ್ ಸಭೆಯಲ್ಲಿ ಮುನ್ನಡೆಸಿದವರು ಅವರೇ. ಸರ್ಕಾರಕ್ಕೆ ಬೇಕಾಗಿದ್ದುದು ಸಿಕ್ಕಿತು.

ಆ ಸಭೆಯ ಒಲವು ಎತ್ತ ಇತ್ತೆಂಬುದು ಬಹುಬೇಗ ತಿಳಿಯಿತು. 1920ರ ಜುಲೈನಲ್ಲಿ, ಜಲಿಯನ್‌ವಾಲಾ ಬಾಗ್‌ನ ಡೈಯರ್‌ನ ಪರವಾದ ನಿರ್ಣಯವನ್ನು ಲಾರ್ಡ್ಸ್ ಸಭೆ 86ರ ವಿರುದ್ಧ 129 ಮತಗಳಿಂದ ಅಂಗೀಕರಿಸಿತು. ಆಗ ಭಾರತ ಖಾತೆಯ ಉಪಮಂತ್ರಿ ಸಿನ್ಹಾ! ಸದನದ ಸದಸ್ಯತ್ವವೆಂದರೆ ಸದನದ ಆದರವಲ್ಲ ಎಂಬುದಕ್ಕೆ ಇನ್ನು ಯಾವ ಪುರಾವೆ ಬೇಕು?

ಆದರೂ ನನ್ನನ್ನು ಹೆಚ್ಚು ಕಾಡುವುದು ಆಮೇಲಿನ ಕತೆ. 1928ರಲ್ಲಿ ಸಿನ್ಹಾ ತೀರಿಕೊಂಡರು. ಪದವಿ ವಂಶಪಾರಂಪರ್ಯವಾದ್ದರಿಂದ ಹಿರಿಯ ಮಗ ಅರುಣ್ ಕುಮಾರ್ ಸಿನ್ಹಾ ತಂದೆಯ ಪೀಠದಲ್ಲಿ ಕೂರಬೇಕಿತ್ತು. ಕೂರಲು ಹನ್ನೊಂದು ವರ್ಷ ಹಿಡಿಯಿತು. ಅಪ್ಪನನ್ನು ಪಡಸಾಲೆಗೆ ಕರೆದು ಮಣೆ ಹಾಕಿದವರು, ಮಗ ಬಂದಾಗ ಜಗುಲಿಯಲ್ಲೇ ನಿಲ್ಲಿಸಿ ಅಪ್ಪ-ಅಮ್ಮನ ಮದುವೆಯ ವಿಚಾರಣೆಗೆ ತೊಡಗಿದರು.

ಸತ್ಯೇಂದ್ರ ಪ್ರಸನ್ನರು ಗೋವಿಂದ ಮೋಹಿನಿಯವರನ್ನು ಹಿಂದೂ ವಿಧಿಯಂತೆ ವರಿಸಿದ್ದು 1880ರಲ್ಲಿ. ಅಂದಿನ ಹಿಂದೂ ಪುರುಷ ಇನ್ನೊಂದು ಮದುವೆಯಾಗಬಹುದಿತ್ತು. 1866ರ ಹೈಡ್ ಮೊಕದ್ದಮೆಯಿಂದೀಚೆಗೆ ಇಂಗ್ಲಿಷ್ ನ್ಯಾಯಾಲಯಗಳ ಕಣ್ಣಲ್ಲಿ ಮದುವೆಯೆಂದರೆ ಒಬ್ಬ ಗಂಡಸು, ಒಬ್ಬ ಹೆಂಗಸು, ಮೂರನೆಯವರಿಗೆ ಎಡೆಯಿಲ್ಲದ ಜೀವನಪರ್ಯಂತದ ಬಂಧ. ಸಿನ್ಹಾ ಎರಡನೇ ಮದುವೆಯಾಗಲಿಲ್ಲ. ಆದರೂ, ಆಗಬಹುದಾಗಿತ್ತು ಎಂಬುದೇ ತೊಡಕಾಯಿತು. ಅರುಣ್ ಕುಮಾರ್ ಪದವಿಗೆ ಅರ್ಹನಾದ ಔರಸ ಪುತ್ರನೇ ಎಂದು ಲಾರ್ಡ್ಸ್ ಸಭೆಯ ಹಕ್ಕುಬಾಧ್ಯತಾ ಸಮಿತಿ ತೀರ್ಮಾನಿಸಬೇಕಾಗಿ ಬಂತು. 1939ರಲ್ಲಿ ಸಮಿತಿ ಅವರ ಪರವಾಗಿ ನಿರ್ಧರಿಸಿತು. ಮದುವೆಯ ನಂತರ, ಮಗ ಹುಟ್ಟುವ ಮೊದಲೇ, ದಂಪತಿ ಸಾಧಾರಣ ಬ್ರಾಹ್ಮ ಸಮಾಜವನ್ನು ಸೇರಿದ್ದರು. ಆ ಸಮಾಜಕ್ಕೆ ಬಹುಪತ್ನಿತ್ವ ಒಪ್ಪಿತವಲ್ಲ. ನೆರವಿಗೆ ಬಂದದ್ದು ಆ ಸಂಗತಿ. 1880ರ ಮದುವೆಯೊಂದೇ ಇದ್ದಿದ್ದರೆ ಅರುಣ್ ಕುಮಾರ್ ಇನ್ನೆಷ್ಟು ಕಾಲ ಜಗುಲಿಯಲ್ಲಿ ನಿಲ್ಲಬೇಕಿತ್ತೋ!

ಕಾನೂನು ಬಲ್ಲವರು ಇಲ್ಲೊಂದು ಸಮಾಧಾನ ಹೇಳುತ್ತಾರೆ: ಇಂಗ್ಲಿಷ್ ಲಾರ್ಡಿನ ಮಗನೂ ತಂದೆ-ತಾಯಿಯ ಮದುವೆಯನ್ನು ರುಜುವಾತುಪಡಿಸಲೇಬೇಕು, ಇದರಲ್ಲಿ ಪಕ್ಷಪಾತವೇನು ಬಂತು? ಈ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ಇಂಗ್ಲಿಷ್ ಮಗ ತೋರಿಸಬೇಕಾದದ್ದು ಮದುವೆ ನಡೆಯಿತು ಎಂಬುದನ್ನು. ಇಗರ್ಜಿಯ ದಾಖಲೆ ಪುಸ್ತಕ ಅದಕ್ಕೆ ಸಾಕು. ಸಿನ್ಹಾ ಅವರ ಮಗ ತೋರಿಸಬೇಕಾಗಿ ಬಂದದ್ದು, ನಡೆದ ಮದುವೆ ಮದುವೆಯೇ ಹೌದು ಎಂಬುದನ್ನು. ಇವೆರಡೂ ಒಂದೇ ಪ್ರಶ್ನೆಯಲ್ಲ. ಅಲ್ಲದೆ, ಪದವಿ ಕೊಟ್ಟ 1919ರಲ್ಲಿ ಈ ಅನುಮಾನ ಎಲ್ಲಿ ಹೋಗಿತ್ತು? ಗೋವಿಂದ ಮೋಹಿನಿಯವರನ್ನು ಲೇಡಿ ಸಿನ್ಹಾ ಎಂದು ಸಂಬೋಧಿಸುವಾಗ ಯಾರಿಗೂ ಹೈಡ್ ಮೊಕದ್ದಮೆ ನೆನಪಾಗಲಿಲ್ಲ.

ಬಹುಪತ್ನಿತ್ವವನ್ನು ಸಮರ್ಥಿಸುವ ಇರಾದೆ ನನಗಿಲ್ಲ. ಹೆಣ್ಣಿನ ಹಿತಕ್ಕಾಗಿ ಈ ತನಿಖೆ ನಡೆಯಿತೆಂದು ಯಾರಾದರೂ ವಾದಿಸಿದರೆ ಮಾತ್ರ ನಗು ಬರುತ್ತದೆ. ಈ ಪದವಿ ಇಳಿಯುವುದು ಗಂಡುಸಂತಾನಕ್ಕೆ ಮಾತ್ರ. ಹೆಣ್ಣುಮಕ್ಕಳು ಎಷ್ಟೇ ಔರಸರಾಗಿರಲಿ, ಅವರಿಗೆ ಅದರಲ್ಲಿ ಪಾಲಿಲ್ಲ. ಹೆಂಡತಿಯ ದಾಂಪತ್ಯವನ್ನು ಶೋಧಿಸಿ ಗಂಡುಮಗನಿಗೆ ಪೀಠ ಕೊಡುವ ಏರ್ಪಾಡಿದು.

ಪೀಠಕ್ಕೆ ಬೇರೆ ದಾರಿಯೂ ಇತ್ತು. 1892ರಲ್ಲಿ ದಾದಾಭಾಯಿ ನವರೋಜಿ ಸೆಂಟ್ರಲ್ ಫಿನ್ಸ್‌ಬರಿಯ ಮತದಾರರ ಎದುರು ನಿಂತು ಕಾಮನ್ಸ್ ಸಭೆಗೆ ಹೋಗಿದ್ದರು. ಅವರು ಮುಂದಿನ ಚುನಾವಣೆಯಲ್ಲಿ ಸೋತರು. ಮತದಾರರು ಕೊಟ್ಟದ್ದನ್ನು ಮತದಾರರೇ ಹಿಂತೆಗೆದುಕೊಂಡರು. ಅವರ ತಾಯಿಯ ಮದುವೆಯನ್ನು ಯಾರೂ ವಿಚಾರಿಸಲಿಲ್ಲ. ಸಿನ್ಹಾ ಮನೆತನಕ್ಕೆ ಸಿಕ್ಕ ಪೀಠವಾದರೋ, 1999ರ ಕಾಯ್ದೆ ಹುಟ್ಟಿನಿಂದಲೇ ಬರುವ ಸದಸ್ಯತ್ವವನ್ನು ತೆಗೆದುಹಾಕಿದಾಗ ಹೋಯಿತು. ಬ್ಯಾರನ್ ಎಂಬ ಬಿರುದಷ್ಟೇ ಉಳಿಯಿತು.