ಎರಡನೆಯ ಗುಂಡಿ ಯಾರಿಗೆ?

ವೃದ್ಧರಿಬ್ಬರೇ ವಾಸವಾಗಿರುವ ಮನೆಗಳಲ್ಲಿ ಸ್ಥಿರ ದೂರವಾಣಿಯು ಇನ್ನೂ ಉಳಿದುಕೊಂಡಿರುವುದು ಕೇವಲ ರೂಢಿಬಲದಿಂದಲ್ಲ. ಮೊಬೈಲಿನ ನುಣುಪು ಗಾಜಿನ ಮೇಲೆ ನಡುಗುವ ಬೆರಳಿಗೆ ಸಿಕ್ಕದ ಆಸರೆಯು ಕಾರ್ಡ್‌ಲೆಸ್ ಫೋನಿನ ಉಬ್ಬಿದ ಗುಂಡಿಗಳಲ್ಲಿ ದೊರೆಯುವುದೂ ಅದಕ್ಕೊಂದು ಕಾರಣ. ಇಂತಹ ಮನೆಗೆ ರಜೆಯಲ್ಲಿ ಬಂದ ಮಕ್ಕಳು, ಹಿಂದಿರುಗುವ ಮುನ್ನ ಆ ಯಂತ್ರದಲ್ಲಿ ನಂಬರುಗಳನ್ನು ಶೇಖರಿಸಿ, ಒಂದೊಂದನ್ನು ಒಂದೊಂದು ಗುಂಡಿಗೆ ಗೊತ್ತುಮಾಡಿ, “ಅಮ್ಮಾ, ಎರಡನ್ನು ಒತ್ತಿ ಹಿಡಿದುಕೊ, ಸೀದಾ ನನಗೇ ಬರುತ್ತೆ” ಎಂದು ಹೇಳಿ ಹೊರಡುತ್ತಾರೆ. ಈ ಅಕ್ಕರೆಯನ್ನು ಹಳಿಯುವ ಇಚ್ಛೆ ನನಗಿಲ್ಲ. ಆದರೆ ಆ ಎರಡನೆಯ ಗುಂಡಿಯು ಮಗನಿಗೆ ಸಲ್ಲತಕ್ಕದ್ದಲ್ಲವೆಂಬುದು ನನ್ನ ಅಭಿಮತ.

ಅನೇಕ ಸೆಟ್ಟುಗಳಲ್ಲಿ ಒಂದನೆಯ ಗುಂಡಿಯು ಧ್ವನಿಸಂದೇಶಕ್ಕೆ ಮೀಸಲಾಗಿರುವುದರಿಂದ ಅಗ್ರಪೂಜೆಯು ಎರಡನೆಯದಕ್ಕೇ ಸಲ್ಲುತ್ತದೆ. ರಾಜಸೂಯದಲ್ಲಿ ಆದಂತೆ ಇಲ್ಲಿಯೂ ಅದು ಯಾರಿಗೆಂಬ ಪ್ರಶ್ನೆ ಸಣ್ಣದಲ್ಲ. ನಡುರಾತ್ರಿ ಎರಡು ಗಂಟೆಗೆ ಬಚ್ಚಲಿನಲ್ಲಿ ಪತಿ ಜಾರಿಬಿದ್ದಾಗ, ಗಾಬರಿಗೊಂಡ ತಾಯಿಯು ಗುಂಡಿಯೊತ್ತಿದರೆ, ನ್ಯೂಜೆರ್ಸಿಯಲ್ಲಿ ಆಗಿನ್ನೂ ಹಗಲಾದುದರಿಂದ ಮಗನು ಒಡನೆಯೇ ಫೋನು ಎತ್ತಿಯಾನು. ಎತ್ತಿದ ಮೇಲೆ ಅವನಿಂದ ಆಗತಕ್ಕದ್ದು ಮಾತ್ರ ಎದುರುಮನೆಯವರ ನಂಬರನ್ನು ಹುಡುಕುವುದು! ಹಾಗಿರುವಾಗ, ಬೀಗದ ಕೈಯ ಇನ್ನೊಂದು ಪ್ರತಿಯನ್ನು ಇಟ್ಟುಕೊಂಡಿರುವ ಆ ಎದುರುಮನೆಯವರಿಗೇ ಎರಡನೆಯ ಗುಂಡಿ ಸಲ್ಲಲಿ. ಮೂರನೆಯದು ಊರಿನಲ್ಲೇ ಇರುವ ಬಂಧುವಿಗೆ. ಮಗನು ನಾಲ್ಕನೆಯದರಲ್ಲಿ ಸುಖವಾಗಿರಲಿ. ಆಂಬ್ಯುಲೆನ್ಸಿನ 108ಕ್ಕೂ ಸರ್ವ ತುರ್ತುಸೇವೆಯ 112ಕ್ಕೂ ಗುಂಡಿ ಬೇಡ: ಮೂರೇ ಅಂಕೆಗಳವು, ಮೇಲಾಗಿ ಮೊಮ್ಮಗುವು ಆಟಕ್ಕೆ ಒತ್ತಿ ಹಿಡಿದರೆ ಪೊಲೀಸರಿಗೆ ಸಮಾಧಾನ ಹೇಳಬೇಕಾದೀತು.

ಶೇಖರಿಸಿದ ಮಾತ್ರಕ್ಕೆ ನಂಬರು ಸರಿಯಾಗಿದೆಯೆಂದು ನಂಬುವುದೂ ತರವಲ್ಲ. 2021ರ ಜನವರಿ 15ರಿಂದ ನಮ್ಮ ದೇಶದಲ್ಲಿ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆಮಾಡುವಾಗ ಹತ್ತು ಅಂಕೆಗಳಿಗೆ ಮುಂಚೆ ಸೊನ್ನೆಯನ್ನು ಒತ್ತುವುದು ಕಡ್ಡಾಯವಾಯಿತು. ನಂಬರನ್ನು ಬಾಯಿಪಾಠ ಮಾಡಿದ್ದವನು ಒಮ್ಮೆ ಎಡವಿ ತಿದ್ದಿಕೊಂಡಾನು. ಅದಕ್ಕೆ ಪೂರ್ವದಲ್ಲಿ ತುಂಬಿಸಿಕೊಂಡ ಯಂತ್ರವಾದರೋ, ಯಾರೂ ತಿದ್ದದಿದ್ದರೆ, ಸೊನ್ನೆಯಿಲ್ಲದ ಹಳೆಯ ನಂಬರನ್ನೇ ಪರಮನಿಷ್ಠೆಯಿಂದ ಒತ್ತುತ್ತಿರುತ್ತದೆ. ಕೆಲವು ಮಾದರಿಗಳಲ್ಲಿ ಹೆಸರುಪಟ್ಟಿಯನ್ನು ತಿದ್ದಿದರೂ ಗುಂಡಿಗೆ ಕೊಟ್ಟ ನಂಬರು ತಿದ್ದಿಹೋಗುವುದಿಲ್ಲ. ಎರಡನ್ನೂ ಬೇರೆಬೇರೆಯಾಗಿ ಸರಿಪಡಿಸಬೇಕು. ಆದುದರಿಂದ ಗುಂಡಿಯನ್ನು ಮಗನು ತಾನೇ ಒತ್ತಿ ತೋರಿಸಿದರೆ ಸಾಲದು. ತಾಯಿಯ ಕೈಯಿಂದಲೇ ಒತ್ತಿಸಿ, ಎದುರುಮನೆಯಲ್ಲಿ ಫೋನು ಬಾರಿಸುವವರೆಗೂ ಕಾದು ನೋಡಬೇಕು. ಸೆಟ್ಟು ಕೆಟ್ಟರೆ ಅದರೊಳಗಿನ ಪಟ್ಟಿಯೂ ಹೋಗುವುದಾದುದರಿಂದ, ದಪ್ಪಕ್ಷರದಲ್ಲಿ ಬರೆದ ನಂಬರುಗಳ ಹಾಳೆಯೊಂದು ಗೋಡೆಯ ಮೇಲಿರುವುದೂ ಆವಶ್ಯಕ.

ವಿದ್ಯುತ್ತಿನ ವಿಷಯವನ್ನು ಯಾರೂ ಯೋಚಿಸುವುದಿಲ್ಲ. ಹಳೆಯ ತಂತಿಯ ಫೋನಿಗೆ ಬೇಕಾದ ಸುಮಾರು 48 ವೋಲ್ಟಿನ ಶಕ್ತಿಯು ತಾಮ್ರದ ತಂತಿಯ ಮೂಲಕ ಎಕ್ಸ್‌ಚೇಂಜಿನಿಂದಲೇ ಬರುತ್ತಿದ್ದುದರಿಂದ, ಬೀದಿಯೆಲ್ಲ ಕತ್ತಲಾದರೂ ಅದು ಮಾತನಾಡುತ್ತಿತ್ತು. ಕಾರ್ಡ್‌ಲೆಸ್ಸಿನ ಬೇಸ್ ಯೂನಿಟ್ಟು ಮನೆಯ ಕರೆಂಟನ್ನೇ ನೆಚ್ಚಿಕೊಂಡಿರುವುದರಿಂದ, ಕರೆಂಟು ಹೋದೊಡನೆ ಗುಂಡಿಗಳ ಅನುಕ್ರಮವೆಲ್ಲ ವ್ಯರ್ಥ. ತಾಮ್ರದ ತಂತಿ ಇನ್ನೂ ಉಳಿದಿರುವ ಮನೆಯಲ್ಲಿ ಹಳೆಯ ಫೋನನ್ನು ಗುಜರಿಗೆ ಹಾಕದೆ ಪಕ್ಕದಲ್ಲಿ ಜೋಡಿಸಿಡಬಹುದು. ಫೈಬರ್ ಬಂದಿರುವ ಮನೆಯಲ್ಲಿ ಆ ಉಪಾಯವೂ ನಡೆಯದು. ಅಲ್ಲಿ ಮೋಡೆಮ್ಮಿಗೂ ಬೇಸ್ ಯೂನಿಟ್ಟಿಗೂ ಇನ್ವರ್ಟರಿನ ಸಂಪರ್ಕವನ್ನು ಕೊಡಿಸಿಯೇ ಮಗನು ವಿಮಾನ ಹತ್ತಬೇಕು.