ಹೊಟ್ಟೆ ಬಂದದ್ದು ಬರಕತ್ತಲ್ಲ

ರಜೆಯಲ್ಲಿ ಊರಿಗೆ ಹೋದವನಲ್ಲಿ ನಮ್ಮವರು ಮೊದಲು ನೋಡುವುದು ಅವನ ಹೊಟ್ಟೆಯನ್ನು. ಸ್ವಲ್ಪ ಬಡಕಲಾಗಿದ್ದರೆ ಉಮ್ಮನಿಗೆ ಸಂಕಟ, "ಅಲ್ಲಿ ಊಟ ಸರಿ ಇಲ್ವಾ ಮಗಾ?" ಅಂತ. ಕೆನ್ನೆ ತುಂಬಿ, ಅಂಗಿಯ ಗುಂಡಿ ಬಿಗಿಯಾಗಿದ್ದರೆ ಮನೆಯವರಿಗೆಲ್ಲ ಸಮಾಧಾನ: "ಮಾಶಾ ಅಲ್ಲಾಹ್, ಪರದೇಶ ಹಿಡಿಸಿದೆ!" ಹಸಿವು ಕಂಡ ತಲೆಮಾರಿನ ಮಾತು ಅದು, ಅದರ ಹಿಂದೆ ಪ್ರೀತಿ ಉಂಟು. ಆದರೆ ಆ ಹೊಟ್ಟೆಯ ಒಳಗೆ ಏನು ನಡೆಯುತ್ತಿದೆ ಅಂತ ಈಗ ಗೊತ್ತಾಗಿದೆ. ಗೊತ್ತಾದ ಮೇಲೂ ಅದನ್ನು ಬರಕತ್ ಅಂತ ಕರೆಯುವುದು ಸರಿಯಲ್ಲ.

ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಿಗೆ ಬರುವ ಮನವಿಗಳನ್ನು ನೆನಪಿಸಿಕೊಳ್ಳಿ. ಒಬ್ಬರಿಗೆ ಎದೆನೋವು, ಇನ್ನೊಬ್ಬರಿಗೆ ಡಯಾಲಿಸಿಸ್, ಮತ್ತೊಬ್ಬರ ಮಯ್ಯಿತ್ ಊರಿಗೆ ಕಳಿಸಬೇಕು, ಮಕ್ಕಳು ಇನ್ನೂ ಸಣ್ಣವರು. ನಾವು ಕೈಬಿಡುವುದಿಲ್ಲ, ರಾತ್ರಿ ಬೆಳಗಾಗುವುದರೊಳಗೆ ಹಣ ಸೇರಿಸುತ್ತೇವೆ. ಇದು ನಮ್ಮ ಸಂಘಟನೆಗಳ ದೊಡ್ಡತನ. ಆದರೆ ಆ ಹಣ ಸೇರಿಸಿದ್ದಕ್ಕೆ ಶುಕ್ರ್ ಹೇಳುವ ಸಭೆಯಲ್ಲೇ ಏನು ಬಡಿಸುತ್ತೇವೆ? ತುಪ್ಪ ತೇಲುವ ಬಿರಿಯಾನಿ, ಕರಿದ ಕೋಳಿ, ಎರಡು ಬಗೆಯ ಸ್ವೀಟ್, ತಲೆಗೊಂದು ಪೆಪ್ಸಿ. ಕಾಯಿಲೆಗೆ ಚಂದಾ ಎತ್ತುವವರೂ ನಾವೇ, ಕಾಯಿಲೆಯನ್ನು ಬಡಿಸುವವರೂ ನಾವೇ. ನಾನು ಹೇಳಬೇಕೆಂದಿರುವುದು ಈ ಒಂದು ವಿಷಯ.

ಕೊಬ್ಬು ಅಂದರೆ ಗೋಡೌನ್‌ನಲ್ಲಿಟ್ಟ ಅಕ್ಕಿ ಮೂಟೆಯ ಹಾಗೆ, ಸುಮ್ಮನೆ ಬಿದ್ದಿರುತ್ತದೆ, ಬೇಕಾದಾಗ ಕರಗಿಸಿದರಾಯಿತು ಅಂತ ನಾವೆಲ್ಲ ತಿಳಿದಿದ್ದೇವೆ. ವಿಜ್ಞಾನಿಗಳೂ ಬಹಳ ಕಾಲ ಹಾಗೇ ತಿಳಿದಿದ್ದರು. ಆ ನಂಬಿಕೆ ಮುರಿಯುವುದರಲ್ಲಿ ನಮ್ಮ ಈ ನ್ಯೂಯಾರ್ಕ್ ನಗರದ ಪಾಲೂ ಉಂಟು. 1994ರಲ್ಲಿ ಇಲ್ಲಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್‌ನ ಜೀನ್ ಪತ್ತೆ ಮಾಡಿತು. ಲೆಪ್ಟಿನ್ ಅಂದರೆ "ಸಾಕು, ಹೊಟ್ಟೆ ತುಂಬಿದೆ" ಅಂತ ಕೊಬ್ಬೇ ಮಿದುಳಿಗೆ ಕಳಿಸುವ ಸಂದೇಶ. ಅದಕ್ಕಿಂತ ಒಂದು ವರ್ಷ ಮೊದಲು, 1993ರಲ್ಲಿ, ಹಾರ್ವರ್ಡ್‌ನ ಗೋಖಾನ್ ಹೋತಮಿಶ್‌ಲಿಗಿಲ್ ಎಂಬ ಟರ್ಕಿ ಮೂಲದ ಸಂಶೋಧಕ ಮತ್ತು ಅವರ ಸಂಗಡಿಗರು, ದಪ್ಪಗಾದ ಇಲಿಗಳ ಕೊಬ್ಬಿನಿಂದ ಟಿಎನ್ಎಫ್ ಎಂಬ ರಾಸಾಯನಿಕ ಹೊರಡುವುದನ್ನು ತೋರಿಸಿದ್ದರು. ಗಾಯವಾದಾಗ, ಸೋಂಕು ತಗಲಿದಾಗ ದೇಹ ಬಿಡುವ ಉರಿಯೂತದ ರಾಸಾಯನಿಕ ಅದು. ಗಾಯವೇ ಇಲ್ಲದ ಕಡೆ ಅದಕ್ಕೆ ಏನು ಕೆಲಸ?

ಉತ್ತರದ ಒಂದು ದೊಡ್ಡ ಭಾಗ ಸಿಕ್ಕಿದ್ದು 2003ರಲ್ಲಿ, ಮ್ಯಾನ್‌ಹಟನ್‌ನ 168ನೇ ಬೀದಿಯ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ. ಜ್ಯಾಕ್ಸನ್ ಹೈಟ್ಸ್‌ನಿಂದ ರೈಲು ಹತ್ತಿದರೆ ಒಂದು ಗಂಟೆಯೊಳಗೆ ತಲುಪುವ ಜಾಗ. ಅಲ್ಲಿನವರು ಇಲಿ ಮತ್ತು ಮನುಷ್ಯರ ಕೊಬ್ಬಿನ ತುಣುಕುಗಳನ್ನು ಪರೀಕ್ಷಿಸಿದರು. ದೇಹದಲ್ಲಿ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳಿವೆ. ನಮ್ಮ ಊರಿನ ಪೌರಕಾರ್ಮಿಕರ ಹಾಗೆ, ಸತ್ತದ್ದು ಕೊಳೆತದ್ದನ್ನು ಎತ್ತಿ ಸ್ವಚ್ಛ ಮಾಡುವುದು ಅವುಗಳ ಕೆಲಸ. ತೆಳ್ಳಗಿನವರ ಕೊಬ್ಬಿನಲ್ಲಿ ಇವು ನೂರಕ್ಕೆ 10ಕ್ಕಿಂತ ಕಡಿಮೆ. ಬೊಜ್ಜಿನವರ ಕೊಬ್ಬಿನಲ್ಲಿ ಹತ್ತಿರ ಹತ್ತಿರ 40!

ಯಾಕೆ ಹೀಗೆ? ದೊಡ್ಡವರಾದ ಮೇಲೆ ನಮ್ಮ ದೇಹದ ಕೊಬ್ಬಿನ ಕೋಶಗಳ ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಹೆಚ್ಚು ತಿಂದದ್ದನ್ನು ಇರುವ ಚೀಲಗಳಿಗೇ ತುಂಬಬೇಕು. ಚೀಲ ಉಬ್ಬುತ್ತಾ ಹೋದಂತೆ ಅದಕ್ಕೆ ಆಮ್ಲಜನಕ ಸಾಲುವುದಿಲ್ಲ, ಕೊನೆಗೆ ಕೆಲವು ಸಾಯುತ್ತವೆ. ಸತ್ತ ಕೋಶದ ಸುತ್ತ ಮ್ಯಾಕ್ರೋಫೇಜುಗಳು ಕಿರೀಟದ ಹಾಗೆ ಮುತ್ತಿಕೊಳ್ಳುತ್ತವೆ. ಕಸ ಮುಗಿಯುವುದೇ ಇಲ್ಲ, ಆದ್ದರಿಂದ ಅವು ಉರಿಯೂತದ ರಾಸಾಯನಿಕ ಬಿಡುತ್ತಲೇ ಇರುತ್ತವೆ. ಈ ಉರಿಗೆ ನೋವಿಲ್ಲ, ಜ್ವರವಿಲ್ಲ, ಆದರೆ ಆರುವುದಿಲ್ಲ. ಅದು ರಕ್ತಕ್ಕೆ ಸೇರಿ ಇನ್ಸುಲಿನ್‌ನ ಕೆಲಸ ಕೆಡಿಸುತ್ತದೆ, ಸಕ್ಕರೆ ಕಾಯಿಲೆಗೆ ದಾರಿ ಮಾಡುತ್ತದೆ, ರಕ್ತನಾಳಗಳನ್ನು ಹಾಳು ಮಾಡುತ್ತದೆ. ಕಾಯಿಲೆಗೆ ಇದೊಂದೇ ಕಾರಣವಲ್ಲ, ವಂಶ, ನಿದ್ದೆ, ಚಿಂತೆ ಎಲ್ಲವೂ ಸೇರುತ್ತವೆ. ಆದರೆ ನಮ್ಮ ಕೈಯಲ್ಲಿರುವ ದೊಡ್ಡ ಕಾರಣ ಇದು.

ಈಗ ಎಣ್ಣೆ ಕೆಟ್ಟದ್ದಾ, ಸಕ್ಕರೆ ಕೆಟ್ಟದ್ದಾ ಅಂತ ಜಗಳ. ನಿಜವಾಗಿ ಹೇಳುವುದಾದರೆ, ಎರಡೂ ಒಟ್ಟಿಗೆ ಬಂದಾಗಲೇ ಹೆಚ್ಚು ಅನಾಹುತ. ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲರಿ, ಒಂದು ಗ್ರಾಂ ಎಣ್ಣೆಯಲ್ಲಿ 9. ಎಣ್ಣೆ ತಟ್ಟೆಯ ತೂಕ ಹೆಚ್ಚಿಸದೆ ಕ್ಯಾಲರಿ ಹೆಚ್ಚಿಸುತ್ತದೆ. ಸಕ್ಕರೆ ಇನ್ಸುಲಿನ್ ಏರಿಸುತ್ತದೆ, ಇನ್ಸುಲಿನ್ "ಬಂದದ್ದನ್ನೆಲ್ಲ ಕೂಡಿಡು, ಇರುವುದನ್ನು ಬಿಡಬೇಡ" ಅಂತ ಕೊಬ್ಬಿನ ಕೋಶಕ್ಕೆ ಹುಕುಂ ಕೊಡುತ್ತದೆ. ಸಕ್ಕರೆಯ ಅರ್ಧ ಭಾಗವಾದ ಫ್ರಕ್ಟೋಸ್ ಹೆಚ್ಚಾದರೆ ಲಿವರ್ ಅದನ್ನೇ ಕೊಬ್ಬು ಮಾಡುತ್ತದೆ. ಇದೇ ನ್ಯೂಯಾರ್ಕ್ ರಾಜ್ಯದ ಬಫೆಲೋದಲ್ಲಿ ಪರೇಶ್ ದಂಡೋನಾ ಎಂಬ ವೈದ್ಯ ವಿಜ್ಞಾನಿಯ ತಂಡ ಆರೋಗ್ಯವಂತರಿಗೆ ಕೊಬ್ಬು-ಪಿಷ್ಟ ತುಂಬಿದ ಸುಮಾರು 900 ಕ್ಯಾಲರಿಯ ಫಾಸ್ಟ್ ಫುಡ್ ಊಟ ಕೊಟ್ಟು ರಕ್ತ ಪರೀಕ್ಷಿಸಿತು. ಒಂದೇ ಊಟದ ನಂತರ, ಕೆಲವೇ ಗಂಟೆಗಳಲ್ಲಿ ರಕ್ತಕಣಗಳಲ್ಲಿ ಉರಿಯೂತದ ಗುರುತು ಏರಿತ್ತು. ಅಂದರೆ ಹೊಟ್ಟೆ ಬರುವವರೆಗೂ ಕಾಯಬೇಕಾಗಿಲ್ಲ.

"ನಾನು ದಪ್ಪ ಇಲ್ಲ, ನನಗೇನಾಗುತ್ತೆ?" ಅನ್ನುವವರಿಗೂ ಒಂದು ಮಾತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಅವರ ಸ್ನೇಹಿತ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಫೋಟೋವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ ಒಂದೇ: 22.3. ಆದರೆ ಮೈಯಲ್ಲಿ ಕೊಬ್ಬು ಯುಡ್ಕಿನ್‌ರಿಗೆ ಶೇ. 9.1, ಯಾಜ್ಞಿಕ್‌ರಿಗೆ ಶೇ. 21.2. ನಮ್ಮ ಕಡೆಯವರ ಮೈ ತೆಳ್ಳಗೆ ಕಂಡರೂ ಹೊಟ್ಟೆಯೊಳಗೆ, ಲಿವರಿನ ಸುತ್ತ ಕೊಬ್ಬು ತುಂಬಿರಬಹುದು. ಅದಕ್ಕೇ ಇಲ್ಲಿನ ಬಿಳಿಯರಿಗೆ 25 ದಾಟಿದರೆ ಎಚ್ಚರಿಕೆಯಾದರೆ, ಏಷ್ಯಾದವರಿಗೆ 23ರಿಂದಲೇ ಸಕ್ಕರೆ ಪರೀಕ್ಷೆ ಮಾಡಿ ಅಂತ ಅಮೆರಿಕದ ಡಯಾಬಿಟಿಸ್ ಸಂಘ 2015ರಿಂದ ಹೇಳುತ್ತಿದೆ. ಯಂತ್ರ ಬೇಡ, ಟೈಲರ್ ಟೇಪ್ ಸಾಕು: ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.

ಇನ್ನು ನಾವಿರುವ ಜಾಗ ನೋಡಿ. ರೂಸ್‌ವೆಲ್ಟ್ ಅವೆನ್ಯೂ ಸ್ಟೇಷನ್ನಿನಿಂದ ಹೊರಗೆ ಬಂದು ಡೈವರ್ಸಿಟಿ ಪ್ಲಾಜಾ ದಾಟಿ 74ನೇ ಬೀದಿಗೆ ಹೋಗುವಷ್ಟರಲ್ಲಿ ಸಮೋಸ, ಜಿಲೇಬಿ, ಪರಾಠ, ಬಿರಿಯಾನಿ, ಮೊಮೊ ಎಲ್ಲವೂ ಕೈಗೆಟಕುತ್ತವೆ. ಹನ್ನೆರಡು ಗಂಟೆ ಟ್ಯಾಕ್ಸಿ ಓಡಿಸಿದವನಿಗೆ, ರೆಸ್ಟೋರೆಂಟ್ ಅಡಿಗೆಮನೆಯಲ್ಲಿ ನಿಂತು ಬಂದವನಿಗೆ ರಾತ್ರಿ ಒಂದು ಗಂಟೆಗೆ ಹಲಾಲ್ ಗಾಡಿಯ ಚಿಕನ್ ಓವರ್ ರೈಸ್, ಮೇಲೆ ಬಿಳಿ ಸಾಸ್, ಒಂದು ಸೋಡಾ. ಅದು ಆಸೆಯಲ್ಲ, ಹಸಿವು ಮತ್ತು ಸುಸ್ತು. ಹಲಾಲ್ ಅಂತ ಬೋರ್ಡ್ ಇದ್ದರೆ ನಾವು ಮುಂದಿನದನ್ನು ಕೇಳುವುದಿಲ್ಲ. ಆದರೆ ಹಲಾಲ್ ಜೊತೆಗೆ ತಯ್ಯಿಬ್ ಅಂತಲೂ ಕಲಿಸಿದ್ದಾರಲ್ಲ, ಒಳ್ಳೆಯದಾಗಿರಬೇಕು ಅಂತ?

ಲೆಕ್ಕ ಹಾಕಿ. ಇಲ್ಲಿನ ಒಂದು ಕೋಕ್ ಕ್ಯಾನಿನಲ್ಲಿ 39 ಗ್ರಾಂ ಸಕ್ಕರೆ, ಅಂದರೆ ಹತ್ತು ಚಮಚಕ್ಕೆ ಸ್ವಲ್ಪ ಕಡಿಮೆ. ಎರಡು ಚಮಚ ಹಾಕಿದ ಚಾ ದಿನಕ್ಕೆ ಐದು ಸಲ ಕುಡಿದರೆ ಇನ್ನೊಂದು 40 ಗ್ರಾಂ. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ಸರಕಾರ ನೋಡಿಕೊಳ್ಳಲಿ ಅನ್ನುವಂತಿಲ್ಲ. ಹೋಟೆಲುಗಳಿಂದ ಟ್ರಾನ್ಸ್ ಫ್ಯಾಟ್ ತೆಗೆಸಲು 2006ರಲ್ಲಿ ನಿಯಮ ತಂದ ನಗರ ಇದು. ಆದರೆ 2012ರಲ್ಲಿ ಮೇಯರ್ ಬ್ಲೂಮ್‌ಬರ್ಗ್ ದೊಡ್ಡ ಸೋಡಾ ಲೋಟಗಳನ್ನು ನಿಲ್ಲಿಸಲು ಹೊರಟಾಗ ಮೊಕದ್ದಮೆ ಹೂಡಿದರು, 2014ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ರದ್ದು ಮಾಡಿತು. ಸೌದಿ, ಯುಎಇಯಲ್ಲಿ 2017ರಲ್ಲಿ ಸೋಡಾಕ್ಕೆ ಶೇ. 50, ಎನರ್ಜಿ ಡ್ರಿಂಕ್‌ಗೆ ಶೇ. 100 ತೆರಿಗೆ ಹಾಕಿದರು. ಆದರೂ ಗಲ್ಫಿನ ನಮ್ಮ ರೂಮುಗಳ ಫ್ರಿಜ್ ಖಾಲಿಯಾಗಿದೆಯಾ? ನೀವೇ ಹೇಳಿ.

"ನಮ್ಮ ಅಜ್ಜ ತುಪ್ಪ ತಿಂದು ತೊಂಬತ್ತು ಬದುಕಿದರು" ಎಂಬ ವಾದ ಎಲ್ಲ ಕಡೆ ಕೇಳುತ್ತದೆ. ಅಜ್ಜ ನೈಚೋರ್ ತಿಂದದ್ದು ಮದುವೆಗೆ, ಪೆರ್ನಾಲಿಗೆ. ಉಳಿದ ದಿನ ಗಂಜಿ, ಬೂತಾಯಿ ಸಾರು, ಬಸಳೆ, ಹುರುಳಿ. ಮೇಲೆ ದಿನವಿಡೀ ಮೈಮುರಿವ ದುಡಿಮೆ. ನಾವು ಅವರ ಪೆರ್ನಾಲಿನ ಊಟವನ್ನು ದಿನದ ಊಟ ಮಾಡಿಕೊಂಡು, ಸ್ಟೀರಿಂಗ್ ಹಿಂದೆ ಕೂತಿದ್ದೇವೆ. ಎಲ್ಲ ಕೊಬ್ಬೂ ಶತ್ರುವಲ್ಲ. ಬೂತಾಯಿ, ಬಂಗುಡೆಯ ಕೊಬ್ಬು ಹೃದಯಕ್ಕೆ ಒಳ್ಳೆಯದು, ಆದರೆ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಆ ಲಾಭದ ಜೊತೆ ಕರಿದ ಎಣ್ಣೆಯೂ ಹೊಟ್ಟೆಗೆ ಹೋಗುತ್ತದೆ.

ದಪ್ಪಗಾದವನನ್ನು ತಮಾಷೆ ಮಾಡುವುದರಿಂದ ಏನೂ ಆಗುವುದಿಲ್ಲ. ಒಬ್ಬನೇ ಪಥ್ಯ ಮಾಡುತ್ತೇನೆ ಅಂದರೂ ಆಗುವುದಿಲ್ಲ, ಯಾಕೆಂದರೆ ನಮ್ಮ ಪಾತ್ರೆ ಒಂದೇ. ಹಾಗಾಗಿ ಪಾತ್ರೆಯೇ ಬದಲಾಗಬೇಕು. ಸಂಘಟನೆಗಳ ಮುಂದೆ ನನ್ನ ಬೇಡಿಕೆ ನಾಲ್ಕು. ಸಭೆ, ಇಫ್ತಾರ್, ಮೀಲಾದ್ ಯಾವುದೇ ಇರಲಿ, ಸೋಡಾ ಬೇಡ. ನೀರು ಮತ್ತು ಸಕ್ಕರೆ ಕಡಿಮೆ ಮಾಡಿದ ಸುಲೈಮಾನಿ ಸಾಕು. ಬಿರಿಯಾನಿ ಇದ್ದರೆ ಕರಿದದ್ದು ಬೇಡ, ಜೊತೆಗೆ ತರಕಾರಿ ಇರಲಿ. ಐದು ಜನರ ರೂಮಿಗೆ ತಿಂಗಳಿಗೆ ಮೂರು ಲೀಟರ್ ಎಣ್ಣೆ ಅಂತ ನಿಗದಿ ಮಾಡಿ, ಅಂದರೆ ತಲೆಗೆ ದಿನಕ್ಕೆ ನಾಲ್ಕು ಟೀ ಚಮಚ. ವರ್ಷಕ್ಕೊಂದು ಸಭೆಯಲ್ಲಿ ಭಾಷಣ ಒಂದು ಕಡಿಮೆ ಮಾಡಿ, ಟೇಪ್ ಹಿಡಿದು ಸುತ್ತಳತೆ ನೋಡಿ, ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. 5.7ರಿಂದ 6.4 ಬಂದರೆ ಅದು ಎಚ್ಚರಿಕೆ, 6.5 ದಾಟಿದರೆ ಸಕ್ಕರೆ ಕಾಯಿಲೆ ಇರಬಹುದು, ಡಾಕ್ಟರನ್ನು ಕಾಣಲೇಬೇಕು.

ಜ್ಯಾಕ್ಸನ್ ಹೈಟ್ಸ್‌ನವರು ಕಾಗದಪತ್ರಕ್ಕೆ, ಬಿಲ್ಲಿಗೆ ಹೆದರಿ ಆಸ್ಪತ್ರೆ ತಪ್ಪಿಸಬೇಕಿಲ್ಲ. ಹತ್ತಿರದ ಎಲ್ಮ್‌ಹರ್ಸ್ಟ್ ಆಸ್ಪತ್ರೆ ನಗರದ ಸಾರ್ವಜನಿಕ ಆಸ್ಪತ್ರೆ. ವೀಸಾ ಯಾವುದು ಅಂತ ನೋಡಿ ಚಿಕಿತ್ಸೆ ಕೊಡುವ ಜಾಗ ಅಲ್ಲ. ಇನ್ಶೂರೆನ್ಸ್ ಸಿಗದವರಿಗೆ 2019ರಲ್ಲಿ ಶುರುವಾದ ಎನ್‌ವೈಸಿ ಕೇರ್ ಯೋಜನೆ ಉಂಟು. ದುಭಾಷಿಯನ್ನು ಉಚಿತವಾಗಿ ಕೇಳಬಹುದು.

ಇದೆಲ್ಲ ಮಾಡಿದರೆ ಪ್ರಯೋಜನ ಇದೆಯಾ? ಇದೆ. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ತೂಕದಲ್ಲಿ ಶೇ. 7 ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇ. 58 ಕಡಿಮೆಯಾಯಿತು. ಮಾತ್ರೆ ತೆಗೆದುಕೊಂಡವರಲ್ಲಿ ಶೇ. 31 ಮಾತ್ರ. 80 ಕಿಲೋ ಇದ್ದವರಿಗೆ ಶೇ. 7 ಅಂದರೆ ಐದೂವರೆ ಕಿಲೋ. ಹೀರೋ ಆಗಬೇಕಾಗಿಲ್ಲ.

ಊರಿನ ತಾಯಂದಿರೇ, ಅಕ್ಕ-ತಂಗಿಯರೇ, ಈ ಸಲ ಮಗ ಸ್ವಲ್ಪ ಸಣ್ಣಗಾಗಿ ಬಂದರೆ ಅಳಬೇಡಿ. ಪಾರ್ಸೆಲಿನಲ್ಲಿ ಹಲ್ವ, ಚಿಪ್ಸ್ ಬದಲು ಹುರುಳಿ ಕಳಿಸಿ, ಒಣಮೆಣಸು ಕಳಿಸಿ. ಹೊಟ್ಟೆಯ ಮೂರರಲ್ಲಿ ಒಂದು ಪಾಲು ಊಟಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಅಂತ ಮದ್ರಸದಲ್ಲಿ ಕಲಿತವರು ನಾವು. ಆ ಉಸಿರಿನ ಪಾಲನ್ನೂ ತಿಂದು ಮುಗಿಸಬಾರದು. ದುಡಿಯಲು ಹೋದವರು ದುಡಿದು, ನಡೆದುಕೊಂಡೇ ಮನೆಗೆ ಬರಲಿ. ಅಲ್ಲಾಹು ಎಲ್ಲರಿಗೂ ಆಫಿಯತ್ ಕೊಡಲಿ, ಆಮೀನ್.